ಹೂಂ ಅನ್ನುವ ಮೊದಲು

ಮಾರ್ಚ್ 31 ಎಂದರೆ ನಮ್ಮ ಕಸುಬಿನವರಿಗೆ ಜಾತ್ರೆಯ ದಿನ. ನಾನು ಗುಬ್ಬಿ ಕಡೆಯವನು. ಜನಸಂದಣಿ ಅಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಗುಬ್ಬಿಯಪ್ಪನ ತೇರು. ತುಮಕೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಡೇಟಾಬೇಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸುತ್ತಲಿನ ತಾಲ್ಲೂಕುಗಳ ಕೆಲವು ಪತ್ತಿನ ಸಂಘಗಳ ಲೆಕ್ಕ ನಮ್ಮ ಸರ್ವರಿನಲ್ಲಿದೆ. ಒಟ್ಟು 40 ಕೌಂಟರುಗಳು. ವರ್ಷದ ಕೊನೆಯ ದಿನ ಸಾಲ ಕಟ್ಟುವವರು, ಒಡವೆ ಬಿಡಿಸಿಕೊಳ್ಳುವವರು, ಬಡ್ಡಿಯ ಪಟ್ಟಿ ತೆಗೆಯುವ ಗುಮಾಸ್ತರು, ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ.

ಕೆಲವು ವರ್ಷಗಳ ಹಿಂದಿನ ಅಂಥ ಒಂದು ದಿನ ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ ಸರ್ವರ್ ಬಿತ್ತು. ಲಾಗ್ ತೆರೆದರೆ ಒಂದು ಸಾಲು: ಔಟ್ ಆಫ್ ಮೆಮರಿ, ಕಿಲ್ಡ್ ಪ್ರಾಸೆಸ್. ಅದರ ಹಿಂದೆಯೇ ಕುಣಿಗಲ್ ತಾಲ್ಲೂಕಿನ ಒಂದು ಕೌಂಟರಿನಿಂದ ಫೋನು. ಗುಮಾಸ್ತರ ದನಿಯಲ್ಲಿ ಗಾಬರಿ. "ಸಾರ್, ಸಿಸ್ಟಮ್ಮು ನಿಂತೋಯ್ತು. ಇಲ್ಲೊಬ್ರು ಅಜ್ಜಿ ಒಡವೆ ಸಾಲಕ್ಕೆ ಪೂರ್ತಿ ದುಡ್ಡು ಕಟ್ಟವ್ರೆ. ಸೇವ್ ಒತ್ತಿದೆ, ಅಷ್ಟರಲ್ಲಿ ಹೋಯ್ತು. ರಸೀದಿ ಬಂದಿಲ್ಲ. ಎಂಟ್ರಿ ಆಗೈತೋ ಇಲ್ವೋ ಗೊತ್ತಿಲ್ಲ."

ಹಿಂದಿನಿಂದ ಅಜ್ಜಿಯ ಮಾತು ಕೇಳಿಸಿತು. "ಅದ್ಯಾಕಪ್ಪ, ನಾನು ಕೊಟ್ಟ ದುಡ್ಡು ನಿಮ್ ಮಿಶನ್ನು ಮರ್ತೋಯ್ತಾ?"

ಆ ಪ್ರಶ್ನೆಗೆ ನಾನು ಆವತ್ತು ಉತ್ತರ ಕೊಡಲಿಲ್ಲ. ಈ ಬರಹ ಅದಕ್ಕೆ ಉತ್ತರ ಹುಡುಕುವ ಪ್ರಯತ್ನ.

*

ಕಂಪ್ಯೂಟರಿನ ಮೆಮರಿ ಎಂದರೆ ನಾವು ಸಾಮಾನ್ಯವಾಗಿ 'ನೆನಪು' ಎಂದು ಅನುವಾದ ಮಾಡಿಕೊಳ್ಳುತ್ತೇವೆ. ಮೇಜು ಎಂದುಕೊಂಡರೆ ಹೆಚ್ಚು ಸರಿ. ಹಳೆಯ ಶಾನುಭೋಗರ ಮನೆಯನ್ನು ಕಲ್ಪಿಸಿಕೊಳ್ಳಿ. ಊರಿನ ಲೆಕ್ಕವೆಲ್ಲ ಗೋಡೆಯ ಬೀರುವಿನಲ್ಲಿದೆ. ಇವತ್ತು ಬೇಕಾದ ಪುಸ್ತಕಗಳು ಮಾತ್ರ ಎದುರಿನ ಮೇಜಿನ ಮೇಲಿವೆ. ಸರ್ವರಿನಲ್ಲಿ ಬೀರುವಿನ ಜಾಗದಲ್ಲಿ ಡಿಸ್ಕ್ ಇದೆ, ಮೇಜಿನ ಜಾಗದಲ್ಲಿ ಮೆಮರಿ. ಬೀರು ದೊಡ್ಡದು, ಕೈ ಹಾಕಿ ತೆಗೆಯಲು ಹೊತ್ತು ಹಿಡಿಯುತ್ತದೆ. ಮೇಜು ಚಿಕ್ಕದು, ಅಲ್ಲಿರುವುದು ಕಣ್ಣೆದುರಿಗೇ ಇರುತ್ತದೆ.

ಕರ್ನಾಟಕದಲ್ಲಿ ಈ ಮೇಜು ಬೀರುಗಳ ವಿಚಾರ ಬರೀ ಎಂಜಿನಿಯರುಗಳ ಮಾತಾಗಿ ಉಳಿದಿಲ್ಲ. 1961ರ ಕಾಯ್ದೆ ಶಾನುಭೋಗಿಕೆಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಆಮೇಲೆ ಪಹಣಿ ಬರೆಯುವುದು ಗ್ರಾಮ ಲೆಕ್ಕಿಗರ ಕೈಗೆ ಬಂತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ತಂದ ನಮ್ಮಪ್ಪ ಅದನ್ನು ಮಡಿಸದೆ ಬೀರುವಿನಲ್ಲಿಟ್ಟದ್ದು ನನಗೆ ನೆನಪಿದೆ. ಅಲ್ಲಿಂದೀಚೆಗೆ ಜಮೀನು, ರೇಷನ್, ಸಾಲ, ಪಿಂಚಣಿ ಎಲ್ಲವೂ ಯಾವುದೋ ಒಂದು ಸರ್ವರಿನ ಬೀರುವಿನಲ್ಲಿವೆ. ಅದರ ಮೇಜಿನ ಮೇಲೆ ಯಾರ ಪುಸ್ತಕಕ್ಕೆ ಜಾಗ ಸಿಗಬೇಕು ಎಂಬ ಪ್ರಶ್ನೆ, ಯಾರು ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯೂ ಆಗಿಬಿಟ್ಟಿದೆ.

ಮೇಜು ತುಂಬಿದಾಗ ಯಾವುದನ್ನು ಬೀರುವಿಗೆ ವಾಪಸು ಇಡಬೇಕು? 1966ರಲ್ಲಿ ಐಬಿಎಂನಲ್ಲಿದ್ದ ಲಾಸ್ಲೋ ಬೆಲಾಡಿ ಎಂಬ ವಿಜ್ಞಾನಿ ಇದಕ್ಕೆ ಅತ್ಯುತ್ತಮ ಉತ್ತರ ಯಾವುದೆಂದು ತೋರಿಸಿದ. ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವ ಪುಟವನ್ನು ಎತ್ತಿಡು ಎಂಬುದು ಆ ಉತ್ತರ. ಹಾಗೆ ಮಾಡಲು ಮುಂದಿನದು ಗೊತ್ತಿರಬೇಕು, ಅದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಯಂತ್ರಗಳು ಹಿಂದಿನದನ್ನು ನೋಡಿ ಊಹೆ ಮಾಡುತ್ತವೆ. ನಾವು ಬಳಸುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಪ್ರತಿ ಪುಟಕ್ಕೂ ಒಂದು ಅಂಕ ಇರುತ್ತದೆ. ಯಾರಾದರೂ ಆ ಪುಟ ಕೇಳಿದಾಗ ಅಂಕ ಒಂದು ಏರುತ್ತದೆ, 5ಕ್ಕಿಂತ ಮೇಲೆ ಹೋಗುವುದಿಲ್ಲ. ಜಾಗ ಬೇಕಾದಾಗ ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ಹೊರಟು ಪ್ರತಿಯೊಂದರ ಅಂಕವನ್ನೂ ಒಂದೊಂದು ಇಳಿಸುತ್ತಾ ಹೋಗುತ್ತದೆ. ಸೊನ್ನೆ ಸಿಕ್ಕಿದ್ದು ಮೇಜಿನಿಂದ ಇಳಿಯುತ್ತದೆ.

ಹೀಗೆ ನೋಡಿದರೆ ದಿನಾ ವ್ಯವಹಾರ ಮಾಡುವ ಅಂಗಡಿಯವರ ಖಾತೆ ಸದಾ ಮೇಜಿನ ಮೇಲೇ ಇರುತ್ತದೆ. ವರ್ಷಕ್ಕೊಮ್ಮೆ ಬರುವ ಅಜ್ಜಿಯ ಖಾತೆ ಬೀರುವಿನ ತಳದಲ್ಲಿರುತ್ತದೆ. ಇದು ಅನ್ಯಾಯವೇ? ಬಹಳ ದಿನ ನನಗೆ ಹಾಗೆ ಅನ್ನಿಸಿತ್ತು. ಈಗ ಅಷ್ಟಾಗಿ ಅನ್ನಿಸುವುದಿಲ್ಲ. ಮೇಜಿನಿಂದ ಇಳಿದದ್ದು ಅಳಿಸಿಹೋಗಿರುವುದಿಲ್ಲ. ಅಜ್ಜಿ ಬಂದು ಕೇಳಿದಾಗ ಕಣ್ಣುಮಿಟುಕಿಸುವಷ್ಟು ಹೊತ್ತು ತಡವಾಗಿ ಬೀರುವಿನಿಂದ ಬರುತ್ತದೆ. ಮನೆಯಲ್ಲಿ ಅಮ್ಮನೂ ಹೀಗೇ ಮಾಡುತ್ತಾಳೆ. ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲಿ, ಕಜ್ಜಾಯದ ಬಾಣಲೆ ಅಟ್ಟದ ಮೇಲೆ. ಬಾಣಲೆಗೆ ಅದರಿಂದ ಅವಮಾನ ಆಗಿಲ್ಲ. ಹಾಗಾಗಿ ಅಜ್ಜಿಯ ಪ್ರಶ್ನೆಗೆ ಮೊದಲ ಅರ್ಧ ಉತ್ತರ ಇದು: ಇಲ್ಲಮ್ಮ, ಮಿಶನ್ನು ನಿಮ್ಮನ್ನು ದೂರ ಇಟ್ಟಿತ್ತು, ಮರೆತಿರಲಿಲ್ಲ.

ಆವತ್ತು ನಡೆದ ತಪ್ಪು ಮಾತ್ರ ಬೇರೆಯದು.

*

ಮೇಜಿನ ಮೇಲೆ ಪುಸ್ತಕಗಳಿಗಷ್ಟೇ ಜಾಗ ಸಾಲದು, ಲೆಕ್ಕ ಮಾಡುವವರಿಗೆ ಕೈಯಾಡಿಸಲೂ ಜಾಗ ಬೇಕು. ಸಾವಿರಾರು ಸಾಲಗಾರರ ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ಜೋಡಿಸಬೇಕೆಂದರೆ ಚೀಟಿಗಳನ್ನು ಹರಡಿಕೊಳ್ಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಈ ಹರಡುವ ಜಾಗದ ಮಿತಿಗೆ ವರ್ಕ್ ಮೆಮ್ ಎಂದು ಹೆಸರು. ಬಂದಾಗ ಇದ್ದದ್ದು 4 ಎಂಬಿ. ಬಹಳ ಚಿಕ್ಕದು. ಅದಕ್ಕಿಂತ ದೊಡ್ಡ ಪಟ್ಟಿ ಬಂದರೆ ಚೀಟಿಗಳನ್ನು ತುಂಡುತುಂಡಾಗಿ ಬೀರುವಿನಲ್ಲಿಟ್ಟು ತೆಗೆದು ಜೋಡಿಸುತ್ತದೆ. ಕೆಲಸ ನಿಧಾನ, ಆದರೆ ಮುಗಿಯುತ್ತದೆ.

ಫೆಬ್ರವರಿಯಲ್ಲಿ ಒಂದು ಸಂಘದ ವ್ಯವಸ್ಥಾಪಕರು ಫೋನು ಮಾಡಿದ್ದರು. "ಅಲ್ಲ ಕಣ್ರೀ, ಒಂದು ಬಡ್ಡಿ ಪಟ್ಟಿಗೆ 11 ನಿಮಿಷ ಬೇಕಾ? ಹಿಂದೆ ಕೈಯಲ್ಲಿ ಬರೀವಾಗ್ಲೇ ವಾಸಿ ಇತ್ತು." ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ವರ್ಕ್ ಮೆಮ್ ಅನ್ನು 4ರಿಂದ 256 ಎಂಬಿಗೆ ಏರಿಸಿದೆ. ಪಟ್ಟಿ 1 ನಿಮಿಷದೊಳಗೆ ಬಂತು. ಅವರು ಮತ್ತೆ ಫೋನು ಮಾಡಿ ಹೊಗಳಿದರು. ಆ ಹೊಗಳಿಕೆ ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಡಬಾರದು. ಬದಲಾವಣೆಯನ್ನು ಹಾಗೆಯೇ ಬಿಟ್ಟೆ.

ನಾನು ಮಾಡದೆ ಬಿಟ್ಟ ಲೆಕ್ಕ ಹೀಗಿದೆ. ಆ 256 ಎಂಬಿ ಇಡೀ ಸರ್ವರಿಗೆ ಒಟ್ಟಾಗಿ ಸಿಗುವ ಜಾಗವಲ್ಲ. ಪ್ರತಿ ಕೌಂಟರಿಗೂ, ಅದರೊಳಗೆ ಪ್ರತಿಯೊಂದು ಜೋಡಿಸುವ ಕೆಲಸಕ್ಕೂ ಬೇರೆಬೇರೆಯಾಗಿ ಅಷ್ಟು ಸಿಗುತ್ತದೆ. ಬಡ್ಡಿ ಪಟ್ಟಿಯಲ್ಲಿ ಅಂಥ ಕೆಲಸ 2 ಇದ್ದವು. 40 ಕೌಂಟರುಗಳು ಒಟ್ಟಿಗೆ ಆ ಪಟ್ಟಿ ಕೇಳಿದರೆ 40 ಗುಣಿಸು 2 ಗುಣಿಸು 256 ಎಂಬಿ, ಅಂದರೆ 20 ಜಿಬಿ. ನಮ್ಮ ಸರ್ವರಿನಲ್ಲಿದ್ದ ಒಟ್ಟು ಮೆಮರಿ 16 ಜಿಬಿ. ಅದರಲ್ಲಿ 4 ಜಿಬಿ ಪುಸ್ತಕಗಳಿಗೆ ಮೊದಲೇ ಮೀಸಲು. ಹಳೆಯ 4 ಎಂಬಿ ಇದ್ದಿದ್ದರೆ ಇದೇ ಲೆಕ್ಕ 320 ಎಂಬಿಯಲ್ಲಿ ಮುಗಿಯುತ್ತಿತ್ತು. ಎಲ್ಲರೂ ಒಟ್ಟಿಗೆ ಆ ಪಟ್ಟಿ ಕೇಳುವ ದಿನ ವರ್ಷಕ್ಕೆ ಒಂದೇ. ಅದು ಯಾವತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

1785ರಲ್ಲಿ ಜರ್ಮನಿಯ ಇಮ್ಯಾನುಯೆಲ್ ಕಾಂಟ್ ನೀತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಪರೀಕ್ಷೆ ಇಟ್ಟ. ನೀನು ನಡೆಯುವ ನಿಯಮ ಎಲ್ಲರ ನಿಯಮವೂ ಆಗಲಿ ಎಂದು ನೀನೇ ಬಯಸಬಲ್ಲೆಯಾ, ನೋಡಿಕೋ. ಅವನು ಕೊಡುವ ಉದಾಹರಣೆಗಳಲ್ಲಿ ಒಂದು, ತೀರಿಸಲಾಗದು ಎಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಕೇಳುವವನದು. ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥವಿರುವುದಿಲ್ಲ. ಕಾಲೇಜಿನಲ್ಲಿ ಇದನ್ನು ಓದಿದಾಗ ಪರೀಕ್ಷೆಗೆ ಬರುವ ಪ್ರಶ್ನೆಯಾಗಿ ಕಂಡಿತ್ತು. ಅದು ನನ್ನ ದಿನದ ಕೆಲಸದ ಗುಣಾಕಾರ ಎಂದು ಗೊತ್ತಾಗಲು ಆ ಮಾರ್ಚ್ ಬೇಕಾಯಿತು. ಒಬ್ಬರು ಕೇಳಿದಾಗ ಒಬ್ಬರಿಗೆ ಕೊಡುವುದು ದಯೆಯಂತೆ ಕಾಣುತ್ತದೆ. ಅದನ್ನೇ 40 ಜನ ಒಟ್ಟಿಗೆ ಕೇಳಿದರೆ ಏನಾಗುತ್ತದೆ ಎಂದು ನೋಡದೆ ಕೊಟ್ಟರೆ, ಕೊಟ್ಟವನು ತನ್ನದಲ್ಲದ್ದನ್ನು ಕೊಟ್ಟಿರುತ್ತಾನೆ.

*

ನನ್ನ ತಪ್ಪಿನ ಜತೆ ಯಂತ್ರದ್ದೂ ಒಂದು ಅಭ್ಯಾಸ ಸೇರಿಕೊಂಡಿತು. ಸರ್ವರ್ ನಡೆಯುವುದು ಲಿನಕ್ಸ್ ಮೇಲೆ. ಯಾವುದಾದರೂ ಪ್ರೋಗ್ರಾಂ ಇಷ್ಟು ಮೆಮರಿ ಕೊಡು ಎಂದರೆ ಲಿನಕ್ಸ್ ಸಾಮಾನ್ಯವಾಗಿ ಹೂಂ ಅನ್ನುತ್ತದೆ. ಅಷ್ಟು ಜಾಗ ಆ ಕ್ಷಣದಲ್ಲಿ ಇದೆಯೇ ಎಂದು ಕಟ್ಟುನಿಟ್ಟಾಗಿ ಎಣಿಸಿ ನೋಡುವುದಿಲ್ಲ. ಕೇಳಿದವರೆಲ್ಲ ಕೇಳಿದಷ್ಟನ್ನೂ ಬಳಸುವುದಿಲ್ಲ ಎಂಬ ಅನುಭವ ಅದಕ್ಕಿದೆ. ಮದುವೆಗೆ ಸಾವಿರ ಜನರನ್ನು ಕರೆದು ಆರುನೂರು ಎಲೆ ಹಾಕಿಸುವ ಯಜಮಾನನ ಹಾಗೆ. ಬಹುತೇಕ ಮದುವೆಗಳು ಚೆನ್ನಾಗಿಯೇ ನಡೆಯುತ್ತವೆ, ಅನ್ನವೂ ದಂಡವಾಗುವುದಿಲ್ಲ. ಈ ಅಭ್ಯಾಸದಿಂದ ಯಂತ್ರಗಳು ಇದ್ದದ್ದರಲ್ಲೇ ಹೆಚ್ಚು ಕೆಲಸ ಮಾಡುತ್ತವೆ ಎಂಬುದೂ ನಿಜ.

ಕರೆದವರೆಲ್ಲ ಬಂದುಬಿಟ್ಟ ದಿನ ಏನು ಗತಿ? ಲಿನಕ್ಸಿನಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ. ಹೆಸರು ಓಓಎಂ ಕಿಲ್ಲರ್. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಅದು ಒಂದು ಅಂಕ ಕೊಡುತ್ತದೆ. ಹೆಚ್ಚು ಮೆಮರಿ ಹಿಡಿದವರಿಗೆ ಹೆಚ್ಚು ಅಂಕ. ಅತಿ ಹೆಚ್ಚು ಅಂಕ ಬಂದವರನ್ನು ಕೊಂದು ಜಾಗ ಬಿಡಿಸುತ್ತದೆ. ಅದಕ್ಕೆ ಮುನ್ಸೂಚನೆ ಇರುವುದಿಲ್ಲ, ಮೇಲ್ಮನವಿಯೂ ಇಲ್ಲ. ಉಳಿದ ಯಂತ್ರ ಬದುಕಲಿ ಎಂಬುದು ಅದರ ತರ್ಕ.

ಒಬ್ಬರ ಹಾನಿಯಿಂದ ಹತ್ತು ಜನ ಉಳಿಯುವುದಾದರೆ ಅದು ಸರಿಯಲ್ಲವೇ? ತತ್ವಶಾಸ್ತ್ರದ ತರಗತಿಗಳಲ್ಲಿ ಹಿಡಿತ ತಪ್ಪಿದ ಟ್ರಾಲಿಯ ಉದಾಹರಣೆ ಕೊಟ್ಟು ಇದನ್ನೇ ಕೇಳುತ್ತಾರೆ. ಬೆಂಕಿ ಬಿದ್ದ ಮನೆಯಲ್ಲಿ ನಾನೂ ಹತ್ತು ಜನರ ಕಡೆಗೇ ಓಡುತ್ತೇನೇನೋ. ಆ ಮಧ್ಯಾಹ್ನದ ಎರಡು ಸಂಗತಿಗಳು ಮಾತ್ರ ಆ ಉದಾಹರಣೆಯೊಳಗೆ ಹಿಡಿಸುವುದಿಲ್ಲ. ಮೊದಲನೆಯದು, ಒಬ್ಬರನ್ನು ಕೊಂದರೆ ಉಳಿದವರು ಉಳಿಯಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕೌಂಟರಿಗೂ ಒಂದು ಪ್ರತ್ಯೇಕ ಕೆಲಸಗಾರ ಪ್ರಾಸೆಸ್ ಇರುತ್ತದೆ. ಎಲ್ಲರೂ ಹಂಚಿಕೊಂಡ ಮೇಜಿನ ಮುಂದೆ ಒಬ್ಬ ಕೆಲಸಗಾರ ದಿಢೀರನೆ ಸತ್ತರೆ, ಅವನು ಅರ್ಧ ತಿದ್ದಿದ ಪುಟವನ್ನು ನಂಬುವುದು ಹೇಗೆ? ಹಾಗಾಗಿ ಡೇಟಾಬೇಸ್ ಉಳಿದ ಎಲ್ಲ ಕೆಲಸಗಾರರನ್ನೂ ಎಬ್ಬಿಸಿ ಕಳಿಸಿ, ಮೇಜನ್ನು ಖಾಲಿ ಮಾಡಿ, ಮೊದಲಿನಿಂದ ಶುರು ಮಾಡುತ್ತದೆ. ಯಾರದೋ ಬಡ್ಡಿ ಪಟ್ಟಿ ದೊಡ್ಡದಾಗಿದ್ದಕ್ಕೆ ಕುಣಿಗಲ್ ಕಡೆಯ ಅಜ್ಜಿಯ ಒಂದು ಸಾಲಿನ ಎಂಟ್ರಿ ನಿಂತದ್ದು ಹೀಗೆ.

ಎರಡನೆಯದು ಇನ್ನೂ ಮುಖ್ಯ. ಟ್ರಾಲಿಯ ಉದಾಹರಣೆಯಲ್ಲಿ ಟ್ರಾಲಿ ಎಲ್ಲಿಂದಲೋ ಬರುತ್ತದೆ. ನನ್ನ ಟ್ರಾಲಿಯನ್ನು ಫೆಬ್ರವರಿಯಲ್ಲೇ ನಾನು ತಳ್ಳಿದ್ದೆ. 'ಆ ಕ್ಷಣದಲ್ಲಿ ಬೇರೆ ದಾರಿ ಇರಲಿಲ್ಲ' ಎನ್ನುವುದು ಆ ಕ್ಷಣದ ಮಟ್ಟಿಗೆ ನಿಜವೇ ಇರಬಹುದು. ಅದಕ್ಕೆ ಮುಂಚಿನ ಐವತ್ತು ದಿನ ಬೇರೆ ದಾರಿಗಳಿದ್ದವು.

*

ಇಲ್ಲಿ ನನಗೆ ನಮ್ಮ ಕಡೆಯ ಕೆರೆಗಳ ವಿಚಾರ ನೆನಪಾಗುತ್ತದೆ. ಹಾಡಿನಲ್ಲೇ ಹೆಸರಾದ ಕುಣಿಗಲ್ ಕೆರೆ ಇರಲಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಇರಲಿ, ಕೆರೆಯಲ್ಲಿ ಎಷ್ಟು ನೀರಿದೆ ಎಂದು ತೂಬಿನ ಮೇಲೆ ನಿಂತರೆ ಕಾಣುತ್ತದೆ. ಹಳೇ ಮೈಸೂರು ಸೀಮೆಯ ಕೆರೆಗಳ ಕೆಳಗೆ ದಾಮಾಶಾ ಎಂಬ ಪದ್ಧತಿ ಇತ್ತು. ಮಳೆ ಕಡಿಮೆಯಾಗಿ ಕೆರೆ ತುಂಬದ ವರ್ಷ, ಅಚ್ಚುಕಟ್ಟಿನ ರೈತರು ಬಿತ್ತುವ ಮೊದಲೇ ಸೇರುತ್ತಿದ್ದರು. ಇರುವ ನೀರಿಗೆ ಎಷ್ಟು ಗದ್ದೆ ಬೆಳೆಯಬಹುದು ಎಂದು ಅಂದಾಜು ಮಾಡಿ, ತೂಬಿನ ಹತ್ತಿರದ ಅಷ್ಟು ಗದ್ದೆಯನ್ನಷ್ಟೇ ಆ ವರ್ಷಕ್ಕೆ ಗುರುತಿಸಿ, ಅದನ್ನೇ ಹಿಡುವಳಿಗೆ ತಕ್ಕಂತೆ ಎಲ್ಲರಿಗೂ ಪಾಲು ಹಾಕುತ್ತಿದ್ದರು. ತೂಬಿನ ಪಕ್ಕದ ಗದ್ದೆಯವನು ಆ ವರ್ಷ ತನ್ನ ಗದ್ದೆಯ ಒಂದು ಭಾಗವನ್ನು ಕೊನೆಯ ಗದ್ದೆಯವನ ಬೆಳೆಗೆ ಬಿಟ್ಟುಕೊಡಬೇಕಿತ್ತು. ಎಲ್ಲರಿಗೂ ಕಡಿಮೆ ಸಿಗುತ್ತಿತ್ತು, ಬಿತ್ತಿದ ಪೈರು ಮಾತ್ರ ಒಣಗುತ್ತಿರಲಿಲ್ಲ.

ಇದನ್ನು ಹಳೆಯ ಕಾಲದ ಸುವರ್ಣಯುಗ ಎಂದು ಹೇಳಲು ಹೊರಟಿಲ್ಲ. ಪಾಲು ಹಿಡುವಳಿಯ ಮೇಲೆ ಹೋಗುತ್ತಿತ್ತು, ಹಸಿವಿನ ಮೇಲಲ್ಲ. ಭೂಮಿ ಇಲ್ಲದವರಿಗೆ ಆ ಸಭೆಯಲ್ಲಿ ಮಾತಿರಲಿಲ್ಲ. ಗದ್ದೆಗದ್ದೆಗೆ ನೀರು ಹಾಯಿಸುವ ನೀರುಗಂಟಿ ಎಷ್ಟೋ ಊರುಗಳಲ್ಲಿ ದಲಿತ. ಎಲ್ಲರ ಪಾಲನ್ನೂ ಅಳೆದು ಕೊಡುವವನು, ತಾನು ಕೂಲಿಯ ಕಾಳು ತೆಗೆದುಕೊಂಡು ಹೋಗುತ್ತಿದ್ದ. ನಿಯಮ ಮೊದಲೇ ಗೊತ್ತಿದ್ದ ಮಾತ್ರಕ್ಕೆ ಅದು ನ್ಯಾಯದ ನಿಯಮ ಆಗುವುದಿಲ್ಲ.

ಆದರೂ ಅದರಲ್ಲಿ ಒಂದು ಗುಣವಿತ್ತು. ಮಾತುಕತೆ ಬಿತ್ತನೆಗೆ ಮುಂಚೆ ನಡೆಯುತ್ತಿತ್ತು. ಯಾರು ಎಷ್ಟು ಬಿಡಬೇಕು ಎಂದು ಮುಖ ನೋಡಿ ಹೇಳುತ್ತಿದ್ದರು. ಒಪ್ಪದವನಿಗೆ ಜಗಳ ಆಡಲು ಎದುರಿಗೆ ಮನುಷ್ಯರಿದ್ದರು. ಎಲ್ಲರಿಗೂ ಹೂಂ ಎಂದು ಬಿತ್ತನೆ ಮಾಡಿಸಿ, ಹೊಡೆ ಬರುವ ಹೊತ್ತಿಗೆ ಯಾರದೋ ಗದ್ದೆಗೆ ತೂಬು ಮುಚ್ಚುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಈ ವ್ಯತ್ಯಾಸ ನಮ್ಮ ಜಿಲ್ಲೆಯವರಿಗೆ ಈಗಲೂ ಹೊಸದಲ್ಲ. ಗೊರೂರಿನ ಹತ್ತಿರ ಕಟ್ಟಿದ ಹೇಮಾವತಿ ಅಣೆಕಟ್ಟೆಯ ನೀರು ನಾಲೆಯಲ್ಲಿ ಗುಬ್ಬಿ ಸೀಮೆಯನ್ನು ದಾಟಿ ಕುಣಿಗಲ್ ಕಡೆಗೆ ಬರಬೇಕು. ನಾಲೆಯ ಕೊನೆಯವರಿಗೆ ನಮಗೆ ಬರಲಿಲ್ಲ ಎಂಬ ಕೊರಗು, ಮೇಲಿನವರಿಗೆ ನಮ್ಮದು ಹೋಗುತ್ತದೆ ಎಂಬ ಭಯ. ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಲಿಂಕ್ ಕೆನಾಲ್ ಕಾಮಗಾರಿಯ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ನನ್ನ ಅಕ್ಕನನ್ನು ಕೊಟ್ಟಿರುವುದು ಕುಣಿಗಲ್ ಕಡೆಗೆ. ಹಬ್ಬಕ್ಕೆ ಬಂದ ಭಾವನೂ ನಮ್ಮಪ್ಪನೂ ಈ ವಿಚಾರ ಎತ್ತಿದರೆ ಅಕ್ಕ ಪಾಯಸದ ಪಾತ್ರೆ ತಂದು ಮಧ್ಯೆ ಇಡುತ್ತಾಳೆ. ಯಾರ ಪಕ್ಷ ಸರಿ ಎಂದು ತೀರ್ಮಾನ ಹೇಳುವಷ್ಟು ನೀರಿನ ಲೆಕ್ಕ ನನಗೆ ಬಾರದು. ಇಬ್ಬರ ಮಾತಿನಲ್ಲೂ ಒಂದು ಪದ ಮಾತ್ರ ಸಮಾನವಾಗಿ ಕೇಳಿಸುತ್ತದೆ: "ಕೊಡ್ತೀವಿ ಅಂದಿದ್ರು." ಕೊರತೆಗಿಂತ ಹೆಚ್ಚಾಗಿ ಅವರನ್ನು ನೋಯಿಸಿರುವುದು ಆ ಮಾತು.

*

ಮತ್ತೆ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ, ಅದರ ಇನ್ನರ್ಧ ಉತ್ತರ ಬಾಕಿ ಇದೆ.

ಅದೇ ಸರ್ವರಿನೊಳಗೆ ಇನ್ನೊಂದು ಬಗೆಯ ಹೂಂ ಇದೆ. ಗುಮಾಸ್ತರು ಸೇವ್ ಒತ್ತಿದಾಗ ಡೇಟಾಬೇಸ್ ಆ ವ್ಯವಹಾರವನ್ನು ಮೊದಲು ಒಂದು ದಿನಚರಿಯಲ್ಲಿ ಬರೆಯುತ್ತದೆ. ಆ ದಿನಚರಿ ಮೇಜಿನ ಮೇಲಲ್ಲ, ಡಿಸ್ಕಿನ ಮೇಲೇ ಇರುತ್ತದೆ. ಬರೆದದ್ದು ಡಿಸ್ಕಿಗೆ ಇಳಿಯಿತು ಎಂದು ಖಾತ್ರಿಯಾದ ಮೇಲೆಯೇ 'ಆಯಿತು' ಎಂಬ ಉತ್ತರ ಕೌಂಟರಿಗೆ ಹೋಗುತ್ತದೆ. ಇದಕ್ಕೆ ಕಮಿಟ್ ಎನ್ನುತ್ತಾರೆ. ಕರೆಂಟು ಹೋಗಲಿ, ಪ್ರಾಸೆಸ್ ಸಾಯಲಿ, ಮೇಜು ಖಾಲಿಯಾಗಲಿ, ಮತ್ತೆ ಎದ್ದಾಗ ಡೇಟಾಬೇಸ್ ಆ ದಿನಚರಿಯನ್ನು ಓದಿಕೊಂಡು ತಾನು 'ಆಯಿತು' ಎಂದ ಪ್ರತಿಯೊಂದನ್ನೂ ಉಳಿಸಿಕೊಳ್ಳುತ್ತದೆ. 'ಆಯಿತು' ಅನ್ನುವುದಕ್ಕೆ ಅದು ತಡ ಮಾಡುತ್ತದೆ. ಒಮ್ಮೆ ಅಂದಮೇಲೆ ತಪ್ಪುವುದಿಲ್ಲ.

ಒಂದೇ ಪೆಟ್ಟಿಗೆಯೊಳಗೆ ಎರಡು ಸ್ವಭಾವ. ಒಂದು ಕೇಳಿದವರಿಗೆಲ್ಲ ತಕ್ಷಣ ಹೂಂ ಅನ್ನುತ್ತದೆ, ಕೊಡಲಾಗದಿದ್ದಾಗ ಒಬ್ಬರ ಕತ್ತು ಹಿಡಿಯುತ್ತದೆ. ಇನ್ನೊಂದು ಬರೆದು ಮುಗಿಸುವ ತನಕ ಬಾಯಿ ಬಿಡುವುದಿಲ್ಲ. ಎರಡನ್ನೂ ಬರೆದವರು ಮನುಷ್ಯರೇ. ಎರಡಕ್ಕೂ ಕಾರಣಗಳಿವೆ. ಆ ಫೆಬ್ರವರಿಯಲ್ಲಿ ನಾನು ನಡೆದುಕೊಂಡದ್ದು ಮೊದಲನೆಯದರ ಹಾಗೆ.

ಆವತ್ತು ಸರ್ವರ್ ಎದ್ದ ಮೇಲೆ ಅಜ್ಜಿಯ ಎಂಟ್ರಿ ಹುಡುಕಿದೆ. ಇರಲಿಲ್ಲ. ಅದಕ್ಕೆ ಅರ್ಧ ನಿಮಿಷ ಮುಂಚೆ ಬೇರೆಬೇರೆ ಕೌಂಟರುಗಳಲ್ಲಿ 'ಆಯಿತು' ಎಂದಿದ್ದವೆಲ್ಲ ಹಾಗೆಯೇ ಇದ್ದವು. ಅಂದರೆ ಯಂತ್ರ ಅವರ ದುಡ್ಡನ್ನು ಮರೆತಿರಲಿಲ್ಲ, ಇನ್ನೂ ಒಪ್ಪಿಕೊಂಡೇ ಇರಲಿಲ್ಲ. ದುಡ್ಡು ಗುಮಾಸ್ತರ ಡ್ರಾಯರಿನಲ್ಲಿತ್ತು. ಎರಡನೇ ಸಲ ಎಂಟ್ರಿ ಮಾಡಬಹುದು ಎಂದು ಧೈರ್ಯವಾಗಿ ಹೇಳಿದೆ.

ಅಷ್ಟರಲ್ಲಿ ಸರ್ವರ್ ಮತ್ತೆ ಬಿತ್ತು. ಎದ್ದ ಕೂಡಲೇ ಎಲ್ಲ ಕೌಂಟರುಗಳೂ ನಿಂತುಹೋದ ಅದೇ ಬಡ್ಡಿ ಪಟ್ಟಿಯನ್ನು ಮತ್ತೆ ಒತ್ತಿದ್ದವು. ಹೀಗೆ ಮೂರು ಸಲ. ಕಾರಣ ನಾನೇ ಬದಲಿಸಿದ ಒಂದು ಸಂಖ್ಯೆ ಎಂದು ಕಂಡುಹಿಡಿಯುವಷ್ಟರಲ್ಲಿ 5 ಗಂಟೆ 10 ನಿಮಿಷ. 256 ಅಳಿಸಿ 4 ಎಂದು ಬರೆದೆ. ಪಟ್ಟಿಗಳು ತೆವಳುತ್ತಾ ಬಂದವು, ಯಾರೂ ಸಾಯಲಿಲ್ಲ. ಅಜ್ಜಿಯ ರಸೀದಿಯೂ ಬಂತು. ಒಡವೆ ಬರಲಿಲ್ಲ. ಸೇಫಿಗೆ ಎರಡು ಬೀಗದ ಕೈ. ಒಂದು ಕೈ ಇದ್ದವರು 5 ಗಂಟೆಗೆ ಹೋಗಿಯಾಗಿತ್ತು. ಮಾರನೆಯ ದಿನ ಏಪ್ರಿಲ್ 1, ಲೆಕ್ಕ ಮುಕ್ತಾಯದ ದಿನ, ಕೌಂಟರ್ ತೆರೆಯುವುದಿಲ್ಲ. ಆ ಮಾರನೆಯ ದಿನವೇ ಮೊಮ್ಮಗಳ ನಿಶ್ಚಿತಾರ್ಥ. ಎರಡೆಳೆ ಸರ ಬಿಡಿಸಿಕೊಂಡು ಹೋಗಲೆಂದೇ ಅವರು ಬೆಳಿಗ್ಗೆಯ ಬಸ್ಸಿಗೆ ಬಂದಿದ್ದರಂತೆ. ಐದೂವರೆಯ ಬಸ್ಸಿಗೆ ರಸೀದಿ ಮಾತ್ರ ಸೆರಗಿಗೆ ಗಂಟು ಹಾಕಿಕೊಂಡು ಹೋದರಂತೆ. ಇದೆಲ್ಲ ಗುಮಾಸ್ತರು ವಾರ ಕಳೆದ ಮೇಲೆ, ಬೇರೆ ಏನೋ ಮಾತಾಡುವಾಗ ಹೇಳಿದ್ದು.

*

ಆಮೇಲೆ ಮಾಡಿದ ಬದಲಾವಣೆಗಳು ಸರಳ. ದೊಡ್ಡ ಪಟ್ಟಿ ಬೇಕಾದವರಿಗೆ ದೊಡ್ಡ ಜಾಗ ಸಿಗುತ್ತದೆ, ಆ ಒಂದು ಪಟ್ಟಿಗೆ ಮಾತ್ರ, ರಾತ್ರಿ 8ರ ಮೇಲೆ. ಹಗಲು ಎಲ್ಲರಿಗೂ ಚಿಕ್ಕ ಜಾಗವೇ. ಒಂದೇ ಹೊತ್ತಿಗೆ ಒಳಗೆ 20 ಕೆಲಸ ಮಾತ್ರ, ಉಳಿದವು ಬಾಗಿಲಲ್ಲಿ ಸರದಿ ಕಾಯುತ್ತವೆ. ಲಿನಕ್ಸಿಗೂ ಅತಿಯಾಗಿ ಹೂಂ ಅನ್ನಬೇಡ ಎಂದು ಹೇಳುವ ಒಂದು ಸೆಟ್ಟಿಂಗ್ ಇದೆ, ಸಂಖ್ಯೆ 2. ಅದನ್ನು ಹಾಕಿದರೆ ಜಾಗ ಇಲ್ಲದಾಗ ಯಂತ್ರ ಕೇಳಿದವರಿಗೇ ಇಲ್ಲ ಅನ್ನುತ್ತದೆ. ಆ ಒಂದು ಕೆಲಸ ನಿಲ್ಲುತ್ತದೆ, ಪಕ್ಕದವರದು ನಡೆಯುತ್ತಿರುತ್ತದೆ. ಹೊಸ ಮೆಮರಿ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಂಡೆವು. ಎರಡು ವರ್ಷದಲ್ಲಿ ಕೌಂಟರುಗಳೂ ಹೆಚ್ಚಿದವು. ಕೊರತೆ ಸ್ವಲ್ಪ ದಿನ ದೂರ ಹೋಗಿತ್ತು, ಮತ್ತೆ ಬಂತು.

ವ್ಯವಸ್ಥಾಪಕರಿಗೆ ಇದು ಇಷ್ಟವಾಗಲಿಲ್ಲ. "ಮೊದಲು ಕೊಟ್ಟು ಆಮೇಲೆ ಕಿತ್ಕೊಂಡ್ರಲ್ಲ" ಎಂದರು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿ. ಇಲ್ಲ ಅನ್ನಬೇಕಾದ ದಿನ ಹೂಂ ಅಂದದ್ದಕ್ಕೆ ಅವರಿಗೂ ನಾನು ಋಣಿ.

ಬಾಕಿ ಉಳಿದದ್ದು ವರದಿ. ಸರ್ವರ್ ಬಿದ್ದರೆ ಕಾರಣ ಬರೆದು ಎಲ್ಲ ಸಂಘಗಳಿಗೂ ಕಳಿಸಬೇಕು. ಆವತ್ತು ರಾತ್ರಿ ನಾನು ಬರೆದದ್ದು ಎರಡೇ ಸಾಲು. 'ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ವ್ಯತ್ಯಯ ಉಂಟಾಗಿತ್ತು. ಅನಾನುಕೂಲಕ್ಕೆ ವಿಷಾದಿಸುತ್ತೇವೆ.' ಕನ್ನಡದ ಈ ಬಗೆಯ ವಾಕ್ಯಗಳು ಬಹಳ ಅನುಕೂಲದವು. ಉಂಟಾಗಿತ್ತು, ಆಗಿತ್ತು, ನಡೆಯಿತು. ಮಾಡಿದವರು ಎಲ್ಲೂ ಕಾಣುವುದಿಲ್ಲ. ವ್ಯತ್ಯಯ ಮಳೆಯಂತೆ ತಾನಾಗಿ ಬಂದು ಹೋಗಿರುತ್ತದೆ. ಓಓಎಂ ಕಿಲ್ಲರನಿಗೆ ಹೆಸರಿದೆ, ಅದಕ್ಕೆ ಕೆಲಸ ಕೊಟ್ಟವನಿಗೆ ಇಲ್ಲ.

ಗುಮಾಸ್ತರಿಂದ ಸರದ ವಿಚಾರ ಕೇಳಿದ ಮೇಲೆ ಅದನ್ನು ಮತ್ತೆ ಬರೆದೆ. ಫೆಬ್ರವರಿಯಲ್ಲಿ ನಾನು ಈ ಸಂಖ್ಯೆಯನ್ನು ಇಷ್ಟರಿಂದ ಇಷ್ಟಕ್ಕೆ ಬದಲಿಸಿದೆ, ವರ್ಷದ ಕೊನೆಯ ದಿನದ ಲೆಕ್ಕ ಮಾಡಲಿಲ್ಲ, ಆದ್ದರಿಂದ ಹೀಗಾಯಿತು. ಮೇಲಿನವರು ಓದಿ, ಇಷ್ಟೆಲ್ಲ ಯಾಕೆ, ಮೊದಲಿನದೇ ಇರಲಿ ಬಿಡಿ ಎಂದರು. ಸಂಘಗಳಿಗೆ ಹೋಗಿದ್ದ ಎರಡು ಸಾಲಿನ ವರದಿಯೇ ಉಳಿಯಿತು. ನನ್ನ ಎರಡನೆಯ ವರದಿ ಎಲ್ಲಿಗೂ ಹೋಗಲಿಲ್ಲ. ಅದರ ಪ್ರತಿ ಇನ್ನೂ ನನ್ನ ಬಳಿ ಇದೆ.

ಆ ಅಜ್ಜಿಯನ್ನು ನಾನು ನೋಡಿಲ್ಲ. ಏಪ್ರಿಲ್ 2ರಂದು ಬಂದು ಸರ ತೆಗೆದುಕೊಂಡು ಹೋದರು ಎಂದು ಖಾತೆಯಲ್ಲಿದೆ. ಅದು ಕಮಿಟ್ ಆದ ಸಾಲು, ನಂಬಬಹುದು. ನಿಶ್ಚಿತಾರ್ಥದಲ್ಲಿ ಆ ಹುಡುಗಿಯ ಕೊರಳಲ್ಲಿ ಏನಿತ್ತು ಎಂಬುದು ಯಾವ ಖಾತೆಯಲ್ಲೂ ಇಲ್ಲ. ಈಗ ಯಾರಾದರೂ ಫೋನು ಮಾಡಿ, ನಮ್ಮದೊಂದಕ್ಕೆ ಸ್ವಲ್ಪ ಜಾಗ ಹೆಚ್ಚು ಮಾಡಿಕೊಡಿ ಎಂದರೆ ಕಾಗದ ತೆಗೆದು 40ರಿಂದ ಗುಣಿಸುತ್ತೇನೆ. ಗುಣಿಸುವ ತನಕ ಫೋನಿನ ಆ ತುದಿಯಲ್ಲಿ ಅವರು ಕಾಯುತ್ತಿರುತ್ತಾರೆ.